ಎರಡೂ 2.4 ಗಿಗಾಹರ್ಟ್ಸ್, ಆದ್ರೂ ಬೈಂಡ್ ಆಗಲ್ಲ ಯಾಕೆ? ಮಿನಿ ಆರ್‌ಸಿ ಕಾರಿಗೆ ಟ್ರಾನ್ಸ್‌ಮಿಟರ್ ಆರಿಸೋ ಪಾಠ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ರೂಮ್‌ಮೇಟ್‌ಗಳು ದುಡ್ಡು ಒಟ್ಟು ಹಾಕಿ ಅಂಗೈ ಅಗಲದ ಒಂದು ಸೆಕೆಂಡ್ ಹ್ಯಾಂಡ್ ಆರ್‌ಸಿ ರೇಸ್ ಕಾರು ತಗೊಂಡ್ವಿ. ಅದರ ಜೊತೆ ಟ್ರಾನ್ಸ್‌ಮಿಟರ್ ಇರಲಿಲ್ಲ. ಮಾರಿದವರನ್ನ ಕೇಳಿದ್ರೆ, "2.4 ಗಿಗಾಹರ್ಟ್ಸ್ ಕಾರು, 2.4 ಗಿಗಾಹರ್ಟ್ಸ್ ರಿಮೋಟ್ ಯಾವುದಾದ್ರೂ ನಡಿಯತ್ತೆ" ಅಂದ್ರು. ನಾವು ಎಲೆಕ್ಟ್ರಾನಿಕ್ಸ್ ಓದೋರು, ಆದ್ರೂ ನಂಬಿದ್ವಿ. ಬೇರೆ ಕಡೆಯಿಂದ ಒಂದು ಒಳ್ಳೆ ಟ್ರಾನ್ಸ್‌ಮಿಟರ್ ತರಿಸಿದ್ವಿ. ಆ ರಾತ್ರಿ ಹಾಸ್ಟೆಲ್ ಕಾರಿಡಾರ್‌ನಲ್ಲಿ ಕೂತು ಬೈಂಡ್ ಬಟನ್ ಒತ್ತಿದ್ದೇ ಒತ್ತಿದ್ದು. ಕಾರಿನ ಎಲ್‌ಇಡಿ ಮಿಣಿಮಿಣಿ ಅಂತಾನೇ ಇತ್ತು. ಬಾಕ್ಸ್ ತೆರೆದ ವಸ್ತು ವಾಪಸ್ ತಗೊಳ್ಳಲ್ಲ ಅಂತ ಆಮೇಲೆ ಗೊತ್ತಾಯ್ತು. ನಾಲ್ವರಲ್ಲಿ ಒಬ್ಬ ಹಾಕಿದ್ದು ದಸರಾ ರಜೆಗೆ ಊರಿಗೆ ಹೋಗೋಕೆ ಎತ್ತಿಟ್ಟಿದ್ದ ದುಡ್ಡು.

ತಪ್ಪು ಕಾರಿನದೂ ಅಲ್ಲ, ಟ್ರಾನ್ಸ್‌ಮಿಟರ್‌ನದೂ ಅಲ್ಲ. "ಹೊಂದಾಣಿಕೆ" ಅನ್ನೋ ಪದಕ್ಕೆ ನಾವು ಕೊಟ್ಟ ಅರ್ಥವೇ ತಪ್ಪಾಗಿತ್ತು. ನಿಮ್ಮ ದುಡ್ಡಾದ್ರೂ ಉಳೀಲಿ ಅಂತ ಈ ಪಾಠ.

ಹರಳಿನ ಕಾಲದಲ್ಲಿ ಲೆಕ್ಕ ಸುಲಭ ಇತ್ತು

2.4 ಗಿಗಾಹರ್ಟ್ಸ್ ಬರೋ ಮುಂಚೆ ಈ ಪುಟ್ಟ ಕಾರುಗಳು ಹೆಚ್ಚಾಗಿ 27 ಮೆಗಾಹರ್ಟ್ಸ್‌ನಲ್ಲಿ, ಎಎಂ ಮಾಡ್ಯುಲೇಶನ್‌ನಲ್ಲಿ ಓಡ್ತಿದ್ದವು. ಟ್ರಾನ್ಸ್‌ಮಿಟರ್‌ಗೆ ಒಂದು ಕ್ರಿಸ್ಟಲ್, ರಿಸೀವರ್‌ಗೆ ಒಂದು ಕ್ರಿಸ್ಟಲ್. ಉದಾಹರಣೆಗೆ ಟ್ರಾನ್ಸ್‌ಮಿಟರ್ 27.145 ಮೆಗಾಹರ್ಟ್ಸ್ ಆದ್ರೆ ರಿಸೀವರ್ ಕ್ರಿಸ್ಟಲ್ 26.690. ವ್ಯತ್ಯಾಸ 455 ಕಿಲೋಹರ್ಟ್ಸ್. ಸೂಪರ್‌ಹೆಟರೊಡೈನ್ ರಿಸೀವರ್ ಪಾಠದಲ್ಲಿ ಬರೋ ಅದೇ ಇಂಟರ್‌ಮೀಡಿಯೆಟ್ ಫ್ರೀಕ್ವೆನ್ಸಿ ಇದು. ಆಗ ಬ್ಯಾಂಡ್, ಮಾಡ್ಯುಲೇಶನ್, ಕ್ರಿಸ್ಟಲ್ ಹೊಂದಿದ್ರೆ ಬೇರೆ ಕಂಪನಿಯ ಟ್ರಾನ್ಸ್‌ಮಿಟರ್ ಕೂಡ ಬಹಳ ಸಲ ಕೆಲಸ ಮಾಡ್ತಿತ್ತು. ತೊಂದರೆ ಅಂದ್ರೆ ಚಾನೆಲ್‌ಗಳು ಕಡಿಮೆ. ಅಮೆರಿಕದಲ್ಲಿ 27 ಮೆಗಾಹರ್ಟ್ಸ್‌ನ ಸಾಮಾನ್ಯ ಆರ್‌ಸಿ ಚಾನೆಲ್‌ಗಳು ಬರೀ 6. ಇಬ್ಬರ ಚಾನೆಲ್ ಒಂದೇ ಆದ್ರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳ್ತಿತ್ತು.

2.4 ಗಿಗಾಹರ್ಟ್ಸ್ ಆ ಗೋಳು ತಪ್ಪಿಸ್ತು. ಆದ್ರೆ ಯಾವ ಟ್ರಾನ್ಸ್‌ಮಿಟರ್ ಆದ್ರೂ ನಡಿಯೋ ಸೌಕರ್ಯವೂ ಅದರ ಜೊತೆಗೇ ಹೋಯ್ತು.

ಒಂದೇ ಬ್ಯಾಂಡ್ ಇದ್ರೆ ಸಾಲದು

ಮೆಜೆಸ್ಟಿಕ್‌ನಲ್ಲಿ ಒಂದೇ ಪ್ಲಾಟ್‌ಫಾರ್ಮ್‌ನಲ್ಲಿ ನಿಂತ ಮಾತ್ರಕ್ಕೆ ಎಲ್ಲ ಬಸ್ಸೂ ಹುಬ್ಬಳ್ಳಿಗೆ ಹೋಗಲ್ಲ, ಬೋರ್ಡ್ ನೋಡಿ ಹತ್ತಬೇಕು. ಹಾಗೇ 2.4 ಗಿಗಾಹರ್ಟ್ಸ್ ಅನ್ನೋದು ಪ್ಲಾಟ್‌ಫಾರ್ಮ್ ಅಷ್ಟೇ. ವೈಫೈ, ಬ್ಲೂಟೂತ್, ಆರ್‌ಸಿ ಎಲ್ಲ ಅಲ್ಲೇ ನಿಂತಿರ್ತವೆ. ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಮಾತಾಡಬೇಕಾದ್ರೆ ನಾಲ್ಕು ಸಂಗತಿ ಹೊಂದಬೇಕು.

ಒಂದು, ರೇಡಿಯೊ ಚಿಪ್ ಕಳಿಸೋ ಸಿಗ್ನಲ್‌ನ ಬಗೆ, ಅಂದ್ರೆ ಮಾಡ್ಯುಲೇಶನ್ ಮತ್ತು ಬಿಟ್ ರೇಟ್. ಎರಡು, ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯೋ ಕ್ರಮ ಮತ್ತು ಅದರ ಸಮಯ. ಮೂರು, ಪ್ಯಾಕೆಟ್‌ನ ರಚನೆ, ಯಾವ ಬೈಟ್ ಸ್ಟೀರಿಂಗ್, ಯಾವುದು ಥ್ರಾಟಲ್ ಅನ್ನೋದು. ನಾಲ್ಕು, ಬೈಂಡಿಂಗ್, ಅಂದ್ರೆ ಟ್ರಾನ್ಸ್‌ಮಿಟರ್ ತನ್ನ ಐಡಿಯನ್ನ ರಿಸೀವರ್‌ಗೆ ಹೇಳಿಕೊಡೋ ವಿಧಾನ. ಈ ನಾಲ್ಕೂ ಸೇರಿದ್ದೇ ಪ್ರೋಟೋಕಾಲ್.

ಇಲ್ಲಿ ಮೋಸ ಹೋಗೋದು ಹೆಸರಿನಿಂದ. "ಎಫ್‌ಎಚ್‌ಎಸ್‌ಎಸ್" ಅಂತ ಎರಡು ಬಾಕ್ಸ್ ಮೇಲೂ ಬರೆದಿರತ್ತೆ. ಅದು ಫ್ರೀಕ್ವೆನ್ಸಿ ಹಾಪಿಂಗ್ ಸ್ಪ್ರೆಡ್ ಸ್ಪೆಕ್ಟ್ರಮ್ ಅನ್ನೋ ತಂತ್ರದ ಹೆಸರು, ಒಂದು ಸ್ಟ್ಯಾಂಡರ್ಡ್‌ನ ಹೆಸರಲ್ಲ. ಇಬ್ಬರೂ ಕುಣಿತಾರೆ ಅಂದ್ರೆ ಇಬ್ಬರ ಹೆಜ್ಜೆಯೂ ಒಂದೇ ಅಂತ ಅಲ್ಲ. ಫುಟಾಬದ ಎಸ್-ಎಫ್‌ಎಚ್‌ಎಸ್‌ಎಸ್, ಟಿ-ಎಫ್‌ಎಚ್‌ಎಸ್‌ಎಸ್. ಸ್ಯಾನ್ವಾದ ಎಫ್‌ಎಚ್3, ಎಫ್‌ಎಚ್4. ಫ್ಲೈಸ್ಕೈಯ ಎಎಫ್‌ಎಚ್‌ಡಿಎಸ್, ಎಎಫ್‌ಎಚ್‌ಡಿಎಸ್ 2ಎ ಎಲ್ಲ ಬೇರೆ ಬೇರೆ. ಒಂದೇ ಕಂಪನಿಯ ಒಳಗೂ ಹೀಗೇ. ಹಳೇ ಎಎಫ್‌ಎಚ್‌ಡಿಎಸ್ ರಿಸೀವರ್, 2ಎ ಮಾತ್ರ ಬಲ್ಲ ಟ್ರಾನ್ಸ್‌ಮಿಟರ್‌ಗೆ ಬೈಂಡ್ ಆಗಲ್ಲ. ಕೆಲವು ಟ್ರಾನ್ಸ್‌ಮಿಟರ್‌ಗಳಲ್ಲಿ ಎರಡು ಮೂರು ಪ್ರೋಟೋಕಾಲ್ ಇರ್ತವೆ, ಮೆನುವಿನಲ್ಲಿ ಆರಿಸಬೇಕು. ಹಾಗಾಗಿ ಬ್ರ್ಯಾಂಡ್ ಕೇಳಿದ್ರೆ ಸಾಲದು, ಪ್ರೋಟೋಕಾಲ್‌ನ ಪೂರ್ತಿ ಹೆಸರು ಕೇಳಿ.

ರಿಸೀವರ್ ಬದಲಾಯಿಸಿದ್ರೆ ಆಗಲ್ವಾ?

ದೊಡ್ಡ ಆರ್‌ಸಿ ಕಾರಿನಲ್ಲಿ ಆಗತ್ತೆ. 1:10 ಅಳತೆಯ ಕಾರಿನಲ್ಲಿ ರಿಸೀವರ್ ಬೇರೆ ಡಬ್ಬಿ, ಮೋಟಾರ್ ನಡೆಸೋ ಇಎಸ್‌ಸಿ ಬೇರೆ, ಸರ್ವೋ ಬೇರೆ. ನಡುವೆ ಮೂರು ವೈರಿನ ಕನೆಕ್ಟರ್. ಸಿಗ್ನಲ್ ಕೂಡ ಎಲ್ಲರಿಗೂ ಗೊತ್ತಿರೋದೇ: 1ರಿಂದ 2 ಮಿಲಿಸೆಕೆಂಡ್ ಪಲ್ಸ್, 1.5 ಅಂದ್ರೆ ನಡುಭಾಗ. ನಿಮ್ಮ ಟ್ರಾನ್ಸ್‌ಮಿಟರ್‌ಗೆ ಹೊಂದೋ ರಿಸೀವರ್ ತಂದು ಚುಚ್ಚಿದ್ರೆ ಮುಗೀತು.

1:28 ಅಳತೆಯ ಕಾರಿನಲ್ಲಿ ಅಷ್ಟು ಜಾಗ ಎಲ್ಲಿದೆ? ಅದಕ್ಕೇ ಬಹಳಷ್ಟು ಪುಟ್ಟ ಕಾರುಗಳಲ್ಲಿ ರಿಸೀವರ್, ಇಎಸ್‌ಸಿ, ಸರ್ವೋ ಸರ್ಕ್ಯೂಟ್ ಮೂರೂ ಒಂದೇ ಬೋರ್ಡ್ ಮೇಲೆ. ಸ್ಟೀರಿಂಗ್ ಕಡೆ ಇರೋದು ಬರೀ ಒಂದು ಮೋಟಾರ್ ಮತ್ತು ಒಂದು ಪೊಟೆನ್ಶಿಯೋಮೀಟರ್. ಮೋಟಾರ್‌ಗೆ ಎರಡು ವೈರ್, ಪಾಟ್‌ಗೆ ಮೂರು, ಒಟ್ಟು ಐದು. ಚಕ್ರ ಎಷ್ಟು ತಿರುಗಿದೆ ಅಂತ ಪಾಟ್ ಹೇಳತ್ತೆ, ಬೋರ್ಡ್ ಅದನ್ನ ಟ್ರಾನ್ಸ್‌ಮಿಟರ್ ಹೇಳಿದ ಕೋನದ ಜೊತೆ ಹೋಲಿಸಿ ಮೋಟಾರ್ ತಿರುಗಿಸತ್ತೆ. ಕಂಟ್ರೋಲ್ ಸಿಸ್ಟಮ್ಸ್‌ನ ಕ್ಲೋಸ್ಡ್ ಲೂಪ್ ಅದೇ. ಇಂಥ ಕಾರಿನಲ್ಲಿ ರಿಸೀವರ್ ಬದಲಾಯಿಸ್ತೀನಿ ಅಂದ್ರೆ ಇಎಸ್‌ಸಿ, ಸರ್ವೋ ಎರಡನ್ನೂ ಬದಲಾಯಿಸಬೇಕು.

ಆದ್ರಿಂದ ಪುಟ್ಟ ಕಾರಿನ ವಿಷಯದಲ್ಲಿ ಮುಖ್ಯ ಮಾತು ಇಷ್ಟೇ: ಟ್ರಾನ್ಸ್‌ಮಿಟರ್ ಆರಿಸೋದು ನೀವಲ್ಲ, ಕಾರಿನ ಬೋರ್ಡ್.

ಮಿನಿ-ಝೀ ನೋಡಿ ಕಲಿಯೋಣ

ಜಪಾನಿನ ಕ್ಯೋಶೋ ಕಂಪನಿ 1999ರಲ್ಲಿ ಮಿನಿ-ಝೀ ಕಾರುಗಳನ್ನ ಶುರು ಮಾಡ್ತು. ನಾಲ್ಕು ಎಎಎ ಸೆಲ್ ಮೇಲೆ ಓಡೋ 1:28ರ ಕಾರು. ಸಣ್ಣ ಹಾಲ್‌ನಲ್ಲೇ ಟ್ರ್ಯಾಕ್ ಹಾಸಬಹುದು ಅನ್ನೋ ಕಾರಣಕ್ಕೆ ದೇಶ ದೇಶಗಳಲ್ಲಿ ಇದರ ರೇಸಿಂಗ್ ಬೆಳೀತು. ಹೆಸರು ಒಂದೇ ಆದ್ರೂ ಒಳಗಿನ ರೇಡಿಯೊ ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಮೊದಲ ತಲೆಮಾರಿನ ಕಾರುಗಳು ಕ್ರಿಸ್ಟಲ್ ಹಾಕೋ ಎಎಂ ಕಾರುಗಳು. ಆಮೇಲೆ ಎಂಆರ್-03 ಷಾಸಿಯ ಕಾಲಕ್ಕೆ ಎಎಸ್‌ಎಫ್ ಅನ್ನೋ 2.4 ಗಿಗಾಹರ್ಟ್ಸ್ ವ್ಯವಸ್ಥೆ ಬಂತು. ಕೆಟಿ-19 ಟ್ರಾನ್ಸ್‌ಮಿಟರ್ ಈ ಗುಂಪಿನದು. ಮುಂದೆ ಕೆಟಿ-531ಪಿ ಟ್ರಾನ್ಸ್‌ಮಿಟರ್ ಜೊತೆ ಬಂದ ಕಾರುಗಳದ್ದು ಎಫ್‌ಎಚ್‌ಎಸ್‌ಎಸ್. ಕೆಟಿ-19 ಹಿಡಿದು ಕೆಟಿ-531ಪಿ ಸೆಟ್‌ನ ಕಾರು ಓಡಿಸೋಕೆ ಆಗಲ್ಲ. ಎರಡೂ ಕ್ಯೋಶೋ, ಎರಡೂ 2.4, ಎರಡೂ ಎಂಆರ್-03 ಆಗಿರಬಹುದು, ಆದ್ರೂ ಆಗಲ್ಲ!

ಇವೊ ಅನ್ನೋ ಮಾದರಿಯಲ್ಲಿ ಕಂಪನಿಯೇ ಈ ಗಂಟು ಬಿಡಿಸಿತು. ಅದರಲ್ಲಿ ರಿಸೀವರ್ ಪ್ರತ್ಯೇಕ ಪುಟ್ಟ ಯೂನಿಟ್. ನಿಮ್ಮ ಟ್ರಾನ್ಸ್‌ಮಿಟರ್ ಯಾವ ಕಂಪನಿಯದೋ ಅದಕ್ಕೆ ಹೊಂದೋ ಯೂನಿಟ್ ಹಾಕಬಹುದು. ಇಲ್ಲೂ ಎಚ್ಚರ ಬೇಕು: ಸೆಕೆಂಡ್ ಹ್ಯಾಂಡ್ ಇವೊ ಕಾರು ತಗೊಂಡ್ರೆ ಒಳಗೆ ಯಾವ ಯೂನಿಟ್ ಕೂತಿದೆ ಅಂತ ಕೇಳಲೇಬೇಕು.

ಆರಿಸೋ ಕ್ರಮ: ಹಿಂದಿನಿಂದ ಮುಂದಕ್ಕೆ

ನಾವು ಮಾಡಿದ್ದು ಟ್ರಾನ್ಸ್‌ಮಿಟರ್‌ನ ಅಂದ ನೋಡಿ ಕೊಂಡಿದ್ದು. ಮಾಡಬೇಕಾಗಿದ್ದು ಹೀಗೆ.

1. ಯಾರ ಜೊತೆ ಓಡಿಸ್ತೀರಿ? ಗೆಳೆಯರ ಬಳಿ ಆಗಲೇ ಕಾರುಗಳಿದ್ರೆ ಅದೇ ಗುಂಪಿನ ಕಾರು ತಗೊಳ್ಳಿ. ಬಿಡಿ ಭಾಗ ಸಿಗತ್ತೆ, ಟ್ರಾನ್ಸ್‌ಮಿಟರ್ ಎರವಲು ತಗೊಂಡು ಪರೀಕ್ಷೆ ಮಾಡಬಹುದು.
2. ಕಾರಿನ ಬೋರ್ಡ್ ಯಾವುದು? ಬಾಡಿ ತೆಗೆದು ಬೋರ್ಡ್‌ನ ಫೋಟೊ ಕಳಿಸೋಕೆ ಹೇಳಿ. ಬಾಡಿ ನೋಡಿ ತೀರ್ಮಾನ ಮಾಡಬೇಡಿ, ಬಾಡಿ ಬರೀ ಅಂಗಿ.
3. ಆ ಬೋರ್ಡ್‌ನ ಪ್ರೋಟೋಕಾಲ್ ಯಾವುದು? ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಹೊಂದೋ ಟ್ರಾನ್ಸ್‌ಮಿಟರ್‌ಗಳ ಪಟ್ಟಿ ಇದ್ರೆ ಅದನ್ನೇ ನಂಬಿ.
4. ಆ ಪ್ರೋಟೋಕಾಲ್ ಬಲ್ಲ ಟ್ರಾನ್ಸ್‌ಮಿಟರ್‌ಗಳಲ್ಲಿ ನಿಮ್ಮ ಬಜೆಟ್‌ಗೆ ಸಿಗೋದು ಯಾವುದು?
5. ಕೊನೆಗೆ ಫೀಚರ್: ಹಲವು ಕಾರಿಗೆ ಮಾಡೆಲ್ ಮೆಮೊರಿ, ಸ್ಟೀರಿಂಗ್ ಎಷ್ಟು ತಿರುಗಬೇಕು ಅಂತ ಮಿತಿ ಹಾಕೋ ಎಂಡ್ ಪಾಯಿಂಟ್, ನಡುಭಾಗವನ್ನ ಮೆತ್ತಗೆ ಮಾಡೋ ಎಕ್ಸ್‌ಪೊ. ಕಲಿಯೋರಿಗೆ ಇವು ಸಾಕು.

ಸ್ಪೀಡ್ ಯಾಕೆ ಮುಖ್ಯ ಅಂದ್ರೆ

"ಲೇಟೆನ್ಸಿ ಕಡಿಮೆ" ಅನ್ನೋ ಜಾಹೀರಾತು ನೋಡಿರ್ತೀರಿ. ಅದು ಬರೀ ಬಡಾಯಿ ಅಲ್ಲ, ಲೆಕ್ಕ ಹಾಕಿ. ಕಾರು ಸೆಕೆಂಡಿಗೆ 5 ಮೀಟರ್, ಅಂದ್ರೆ ಗಂಟೆಗೆ 18 ಕಿಲೋಮೀಟರ್ ಹೋಗ್ತಿದೆ ಅಂತಿಟ್ಕೊಳ್ಳಿ. ಹಳೇ ಸರ್ವೋ ಸಿಗ್ನಲ್ 20 ಮಿಲಿಸೆಕೆಂಡ್‌ಗೆ ಒಮ್ಮೆ ಬರತ್ತೆ. ಅಷ್ಟರಲ್ಲಿ ಕಾರು 10 ಸೆಂಟಿಮೀಟರ್ ಮುಂದೆ ಹೋಗಿರತ್ತೆ. 4.5 ಮೀಟರ್ ಉದ್ದದ ನಿಜವಾದ ಕಾರನ್ನ 28ರಿಂದ ಭಾಗಿಸಿದ್ರೆ ಸುಮಾರು 16 ಸೆಂಟಿಮೀಟರ್. ಅಂದ್ರೆ ನಿಮ್ಮ ಆದೇಶ ತಲುಪೋ ಹೊತ್ತಿಗೆ ಕಾರು ತನ್ನ ಅರ್ಧ ಉದ್ದಕ್ಕಿಂತ ಹೆಚ್ಚು ದಾಟಿರಬಹುದು. ತಿರುವಿನಲ್ಲಿ ಗೋಡೆಗೆ ಬಡಿಯೋದಕ್ಕೂ ಸವರಿಕೊಂಡು ಹೋಗೋದಕ್ಕೂ ಅಷ್ಟೇ ವ್ಯತ್ಯಾಸ.

ಆದ್ರೆ ವೇಗದ ಆಸೆಗೆ ಇನ್ನೊಂದು ಹೊಂದಾಣಿಕೆ ಮರೀಬೇಡಿ. ಬಿಡಿ ಸರ್ವೋ ಇರೋ ಷಾಸಿಯಲ್ಲಿ ಟ್ರಾನ್ಸ್‌ಮಿಟರ್‌ನ ಹೈ ಸ್ಪೀಡ್ ಮೋಡ್ ಹಾಕೋದಾದ್ರೆ ಡಿಜಿಟಲ್ ಸರ್ವೋ ಇರಬೇಕು. ಅನಲಾಗ್ ಸರ್ವೋ ಬಿಸಿಯಾಗಿ ಸುಟ್ಟುಹೋಗಬಹುದು.

ನಾವೇ ಮಾಡ್ಕೊಂಡ್ರೆ?

ಇಂಜಿನಿಯರಿಂಗ್ ಹುಡುಗರಿಗೆ ಈ ಪ್ರಶ್ನೆ ಬರಲೇಬೇಕು. ದಾರಿ ಎರಡಿವೆ.

ಮೊದಲನೆಯದು ಮಲ್ಟಿಪ್ರೋಟೋಕಾಲ್ ಮಾಡ್ಯೂಲ್. ಅದರಲ್ಲಿ ನಾಲ್ಕು ರೇಡಿಯೊ ಚಿಪ್ ಇರ್ತವೆ: ಎ7105, ಸಿಸಿ2500, ಸಿವೈಆರ್‌ಎಫ್6936, ಎನ್‌ಆರ್‌ಎಫ್24ಎಲ್01. ಓಪನ್ ಸೋರ್ಸ್ ಫರ್ಮ್‌ವೇರ್ ಇವುಗಳನ್ನ ಬಳಸಿ ಬೇರೆ ಬೇರೆ ಕಂಪನಿಗಳ ಪ್ರೋಟೋಕಾಲ್ ಮಾತಾಡತ್ತೆ. ನಾಲ್ಕು ಚಿಪ್ ಯಾಕೆ ಬೇಕು? ಮೇಲೆ ಹೇಳಿದ ನಾಲ್ಕು ಸಂಗತಿಯಲ್ಲಿ ಮೊದಲನೆಯದನ್ನ ಸಾಫ್ಟ್‌ವೇರ್‌ನಿಂದ ಪೂರ್ತಿ ಬದಲಾಯಿಸೋಕೆ ಆಗಲ್ಲ, ಅದು ಚಿಪ್‌ನ ಗುಣ. ಉಳಿದ ಮೂರು ಬರೀ ಕೋಡ್. ಇಲ್ಲೂ ನಿಮ್ಮ ಕಾರಿನ ಪ್ರೋಟೋಕಾಲ್ ಪಟ್ಟಿಯಲ್ಲಿದೆಯಾ ಅಂತ ನೋಡಿಯೇ ಮುಂದುವರೀರಿ.

ಎರಡನೆಯದು ಕಾರಿನ ಬೋರ್ಡ್ ತೆಗೆದು ಮೈಕ್ರೋಕಂಟ್ರೋಲರ್, ಎಚ್-ಬ್ರಿಜ್, ಎನ್‌ಆರ್‌ಎಫ್24ಎಲ್01 ಕೂರಿಸೋದು. ಪಾಟ್‌ನ ವೋಲ್ಟೇಜ್ ಎಡಿಸಿಯಲ್ಲಿ ಓದಿ ಸ್ಟೀರಿಂಗ್ ಲೂಪ್ ನೀವೇ ಬರೀಬೇಕು. ಮಿನಿ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದ ವಿಷಯ. ಎರಡು ಎಚ್ಚರಿಕೆ ಮಾತ್ರ. ಆ ರೇಡಿಯೊ ಚಿಪ್‌ಗೆ 3.6 ವೋಲ್ಟ್ ದಾಟಬಾರದು, 5 ವೋಲ್ಟ್ ಕೊಟ್ರೆ ಕಥೆ ಮುಗೀತು. ಇನ್ನೊಂದು ಕಾನೂನಿನದು. ಭಾರತದಲ್ಲಿ 2005ರ ನಿಯಮದ ಪ್ರಕಾರ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿರೋದು 2400ರಿಂದ 2483.5 ಮೆಗಾಹರ್ಟ್ಸ್. ಈ ಚಿಪ್ 2525ರವರೆಗೂ ಹೋಗತ್ತೆ. ಚಾನೆಲ್ ಸಂಖ್ಯೆಗೆ 2400 ಕೂಡಿಸಿದ್ರೆ ಫ್ರೀಕ್ವೆನ್ಸಿ. ವೈಫೈ ಕಾಟ ತಪ್ಪಿಸೋಕೆ ಅಂತ ಚಾನೆಲ್ 108 ಹಾಕೋ ಕೋಡ್ ಕಾಣಸಿಗತ್ತೆ, ಅದು 2508 ಮೆಗಾಹರ್ಟ್ಸ್, ಮಿತಿಯ ಆಚೆ. ನಕಲು ಮಾಡೋ ಮುಂಚೆ ಕೂಡಿಸಿ ನೋಡಿ. 82ರ ಒಳಗೇ ಇರಿ, ವೈಫೈ ಕಾಟಕ್ಕೆ ಹಾಪಿಂಗ್ ಬರೀರಿ.

ದುಡ್ಡು ಕೊಡೋ ಮುಂಚೆ ಐದು ನಿಮಿಷದ ಪರೀಕ್ಷೆ

ಸೆಕೆಂಡ್ ಹ್ಯಾಂಡ್ ಆದ್ರೆ ಕಾರು, ಟ್ರಾನ್ಸ್‌ಮಿಟರ್ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿ. ದೂರದವರಾದ್ರೆ ವಿಡಿಯೊ ಕೇಳಿ. ಮೊದಲು ಟ್ರಾನ್ಸ್‌ಮಿಟರ್ ಆನ್, ಆಮೇಲೆ ಕಾರು. ಆಫ್ ಮಾಡುವಾಗ ಮೊದಲು ಕಾರು. ಹೊಸದಾಗಿ ಬೈಂಡ್ ಮಾಡಿಸಿ ನೋಡಿ, ಹಳೇ ಬೈಂಡ್ ನಂಬಬೇಡಿ. ಆಮೇಲೆ ಚಕ್ರ ಮೇಲೆತ್ತಿ ಹಿಡಿದು, ಸ್ವಲ್ಪ ಥ್ರಾಟಲ್ ಕೊಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಚಕ್ರ ತಕ್ಷಣ ನಿಲ್ಲಬೇಕು. ಇದೇ ಫೇಲ್‌ಸೇಫ್. ತಿರುಗ್ತಾನೇ ಇದ್ರೆ ಮೊದಲು ಫೇಲ್‌ಸೇಫ್ ಸೆಟ್ಟಿಂಗ್ ನೋಡಿ, ಸರಿಹೋಗದಿದ್ರೆ ಆ ಜೋಡಿ ಬೇಡ.

ನಮ್ಮ ಕಥೆ ಏನಾಯ್ತು ಅಂದ್ರೆ, ಕೊನೆಗೆ ಬಾಡಿ ಬಿಚ್ಚಿ ಬೋರ್ಡ್ ಗುರುತಿಸಿ, ಅದಕ್ಕೆ ಹೊಂದೋ ಹಳೇ ಟ್ರಾನ್ಸ್‌ಮಿಟರ್ ಒಂದನ್ನ ಹುಡುಕಿ ತಂದ್ವಿ. ಮೊದಲ ಸಲ ಎಲ್‌ಇಡಿ ಮಿಣಿಮಿಣಿ ನಿಲ್ಲಿಸಿ ಸ್ಥಿರವಾಗಿ ಉರಿದಾಗ ಕಾರಿಡಾರ್‌ನಲ್ಲಿ ಎದ್ದ ಕೂಗಿಗೆ ವಾರ್ಡನ್ ಬಂದ್ರು. ಮೊದಲು ತಂದಿದ್ದ ಟ್ರಾನ್ಸ್‌ಮಿಟರ್ ಇನ್ನೂ ನಮ್ಮ ಕಪಾಟಿನಲ್ಲೇ ಇದೆ. ಅದಕ್ಕೆ ಹೊಂದೋ ಕಾರು ಯಾರ ಹತ್ತಿರನಾದ್ರೂ ಇದ್ರೆ ಬನ್ನಿ. ಬರುವಾಗ ಬೋರ್ಡ್‌ನ ಫೋಟೊ ತನ್ನಿ. ದಸರಾಕ್ಕೆ ಊರಿಗೆ ಹೋಗದೇ ಉಳಿದವನಿಗೆ ಇನ್ನೂ ಅವನ ಪಾಲಿನ ದುಡ್ಡು ವಾಪಸ್ ಕೊಡೋದಿದೆ.