ವಿಭಾಗದಲ್ಲಿ ನಾಯಕತ್ವ: ಕೆಲಸದ ಜೊತೆಗೆ ಅಧಿಕಾರವನ್ನೂ ಒಪ್ಪಿಸುವ ಕ್ರಮ

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆದು ಮಾನ್ಯತೆ ನೀಡಲು 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್‌ನ ಏಳು ಮಾನದಂಡಗಳ ಪದ್ಧತಿಯಲ್ಲಿ ಆರನೆಯದು ಆಡಳಿತ, ನಾಯಕತ್ವ ಮತ್ತು ನಿರ್ವಹಣೆಗೆ ಸಂಬಂಧಿಸಿದ್ದು. ಅದಕ್ಕೆ ದಾಖಲೆ ಒದಗಿಸುವ ಅವಸರದಲ್ಲಿ ಹಲವು ಕಾಲೇಜುಗಳು ಒಂದು ದಿನದ ಕಾರ್ಯಾಗಾರ ನಡೆಸಿ, ಪ್ರಮಾಣಪತ್ರ ಹಂಚಿ ಸುಮ್ಮನಾಗುತ್ತವೆ. ನಾಯಕತ್ವವನ್ನು ಕಲಿಸಬೇಕಾದ ಜಾಗ ವಿಭಾಗದ ದಿನನಿತ್ಯದ ಕೆಲಸವೇ.

ಶೈಕ್ಷಣಿಕ ವರ್ಷದ ಆರಂಭದಲ್ಲೇ ವಿಭಾಗದ ಮುಖ್ಯಸ್ಥರು ವೇಳಾಪಟ್ಟಿ, ಆಂತರಿಕ ಮೌಲ್ಯಮಾಪನ, ಗ್ರಂಥಾಲಯಕ್ಕೆ ಬೇಕಾದ ಪುಸ್ತಕಗಳ ಪಟ್ಟಿ ಮೊದಲಾದ ಹೊಣೆಗಳನ್ನು ಒಬ್ಬೊಬ್ಬ ಅಧ್ಯಾಪಕರಿಗೆ ಲಿಖಿತವಾಗಿ ವಹಿಸಬೇಕು. ಆ ಪತ್ರದಲ್ಲಿ ಕೆಲಸ ಯಾವುದು, ಎಂದು ಮುಗಿಯಬೇಕು ಎಂಬುದರ ಜೊತೆಗೆ, ಮುಖ್ಯಸ್ಥರನ್ನು ಕೇಳದೆಯೇ ಅವರು ತೀರ್ಮಾನಿಸಬಹುದಾದದ್ದು ಯಾವುದು ಎಂಬುದೂ ಇರಬೇಕು.

ಈ ಮೂರನೆಯದೇ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ, ಬರೆದರೂ ಉಳಿಯುವುದಿಲ್ಲ. ವೇಳಾಪಟ್ಟಿಯ ಹೊಣೆ ಹೊತ್ತ ಕಿರಿಯ ಉಪನ್ಯಾಸಕಿಯೊಬ್ಬರು ಪ್ರಯೋಗಾಲಯದ ಅವಧಿಗಳು ಒಡೆಯದಂತೆ ಜೋಡಿಸುತ್ತ, ಹಿರಿಯರೊಬ್ಬರಿಗೆ ಶನಿವಾರದ ಕೊನೆಯ ಅವಧಿಯನ್ನು ಹಾಕಿದರೆನ್ನೋಣ. ಆ ಹಿರಿಯರು ನೇರವಾಗಿ ಮುಖ್ಯಸ್ಥರ ಕೊಠಡಿಗೆ ಹೋದಾಗ, ಮುಖ್ಯಸ್ಥರು ದಾಕ್ಷಿಣ್ಯಕ್ಕೆ ಬಿದ್ದು ಅಲ್ಲೇ ಪೆನ್ಸಿಲ್ ಹಿಡಿದು ಅವಧಿಯನ್ನು ಬದಲಿಸಿಕೊಟ್ಟರೆ, ಅಂದಿನಿಂದ ಯಾರೂ ಆ ಉಪನ್ಯಾಸಕಿಯ ಬಳಿ ಹೋಗುವುದಿಲ್ಲ, ಅವರೂ ಯಾವುದನ್ನೂ ತಾವಾಗಿ ತೀರ್ಮಾನಿಸುವ ಧೈರ್ಯ ಮಾಡುವುದಿಲ್ಲ. ಅಂಥ ಸಂದರ್ಭದಲ್ಲಿ ಹಿರಿಯರನ್ನು ಗೌರವದಿಂದಲೇ ಉಪನ್ಯಾಸಕಿಯ ಬಳಿಗೆ ಕಳಿಸಬೇಕು. ತೀರ್ಮಾನ ತಪ್ಪೆನಿಸಿದರೆ ಮುಖ್ಯಸ್ಥರು ಅದನ್ನು ಉಪನ್ಯಾಸಕಿಗೆ ಪ್ರತ್ಯೇಕವಾಗಿ ತಿಳಿಸಬೇಕು; ತಿದ್ದುವ ಕೈ ಮಾತ್ರ ಉಪನ್ಯಾಸಕಿಯದ್ದೇ ಆಗಿರಬೇಕು. ವಿದ್ಯಾರ್ಥಿಗಳ ಅಂಕ, ಪರೀಕ್ಷೆ ಅಥವಾ ಸುರಕ್ಷತೆಗೆ ಧಕ್ಕೆ ಬರುವಂತಿದ್ದರೆ ಮಾತ್ರ ಮುಖ್ಯಸ್ಥರು ನೇರವಾಗಿ ಕೈಹಾಕುವುದು ನ್ಯಾಯ.

ಸಭೆಯ ನಡಾವಳಿಯಲ್ಲಿ, ಅಂದರೆ ಚರ್ಚೆ ಮತ್ತು ನಿರ್ಣಯಗಳ ದಾಖಲೆಯಲ್ಲಿ, ‘ಚರ್ಚಿಸಲಾಯಿತು’ ಎಂದಷ್ಟೇ ಬರೆದರೆ ಸಾಲದು. ಪ್ರತಿ ನಿರ್ಣಯದ ಮುಂದೆ ಹೊಣೆ ಹೊತ್ತವರ ಹೆಸರೂ ಗಡುವಿನ ದಿನಾಂಕವೂ ಬೇಕು.

ವಿದ್ಯಾರ್ಥಿಗಳ ವಿಷಯದಲ್ಲೂ ಇದೇ ಕ್ರಮ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಿ, ಏಳು ದಿನಗಳ ವಿಶೇಷ ಶಿಬಿರದಲ್ಲೂ ಪಾಲ್ಗೊಳ್ಳುತ್ತಾರೆ. ಶಿಬಿರದ ದಿನಸಿ ಖರೀದಿಯನ್ನೂ ಅದರ ಲೆಕ್ಕವನ್ನೂ ವಿದ್ಯಾರ್ಥಿಗಳ ತಂಡಕ್ಕೇ ಬಿಡಬೇಕು. ಮೂರನೆಯ ದಿನ ಅಕ್ಕಿ ಸಾಲದೆ ಬಂದರೆ ಕಾರ್ಯಕ್ರಮಾಧಿಕಾರಿಗಳು ತಾವೇ ಅಂಗಡಿಗೆ ಓಡದೆ, ತಂಡ ದಾರಿ ಹುಡುಕುವವರೆಗೆ ತಾಳ್ಮೆಯಿಂದ ಕಾಯಬೇಕು.

ಮುಖ್ಯಸ್ಥರ ಅವಧಿ ಮುಗಿಯಲು ತಿಂಗಳಿರುವಾಗಲೇ ಬಾಕಿ ಕೆಲಸಗಳ ಪಟ್ಟಿಯನ್ನೂ ಕಡತಗಳನ್ನೂ ಮುಂದಿನವರ ಜೊತೆ ಕುಳಿತು ನೋಡಿ, ಸಹಿ ಮಾಡಿಸಿ ಒಪ್ಪಿಸಬೇಕು.