ಮನೆಯಲ್ಲೇ ಉಳಿಯಬೇಕಾದ ದಿನಗಳಲ್ಲಿ ರೈತರ ಸ್ವಯಂ ಕಲಿಕೆ

ಕೊರೋನಾ ಸೋಂಕನ್ನು ತಡೆಯಲು 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಅದು ಹಂತಹಂತವಾಗಿ ಮೇ 31ರವರೆಗೂ ಮುಂದುವರಿಯಿತು. ಹೊಲದ ಕೆಲಸಕ್ಕೆ ಪ್ರಾರಂಭದಲ್ಲೇ ವಿನಾಯಿತಿ ದೊರೆತರೂ ಸಂತೆ, ಬಸ್ಸು, ಶಾಲೆಗಳು ನಿಂತುಹೋದವು. ಮಾರುಕಟ್ಟೆಗೆ ಮಾಲು ಸಾಗಿಸುವುದು ದುಸ್ತರವಾಗಿ ಹೂವು, ಹಣ್ಣು, ತರಕಾರಿ ಬೆಳೆದ ಅನೇಕರು ಬೆಳೆಯನ್ನು ಹೊಲದಲ್ಲೇ ಬಿಡಬೇಕಾಯಿತು. ಆ ನಷ್ಟವನ್ನು ಯಾವ ಕಲಿಕೆಯೂ ತುಂಬಿಕೊಡಲಾರದು. ಆದರೆ ಮುಂದಿನ ಹಂಗಾಮಿನಲ್ಲಿ ಇನ್ನೊಂದು ನಷ್ಟ ಸೇರದಂತೆ ನೋಡಿಕೊಳ್ಳಲು ಮನೆಯಲ್ಲಿ ಉಳಿದ ದಿನಗಳನ್ನು ಉಪಯೋಗಿಸಿಕೊಳ್ಳಲು ಸಾಧ್ಯವಿತ್ತು. ಏಪ್ರಿಲ್ ಮತ್ತು ಮೇ ತಿಂಗಳು ಮುಂಗಾರಿನ ಸಿದ್ಧತೆಯ ಕಾಲ. ಈ ಅವಧಿಯಲ್ಲಿ ಮನೆಯಿಂದ ಹೊರಹೋಗದೆ, ಹಣ ಖರ್ಚು ಮಾಡದೆ ಕಲಿಯಬಹುದಾದ ಎರಡು ವಿದ್ಯೆಗಳಿವೆ. ಒಂದು, ಬಿತ್ತನೆ ಬೀಜದ ಮೊಳಕೆ ಪರೀಕ್ಷೆ. ಎರಡು, ಬೇಸಾಯದ ಲೆಕ್ಕ ಬರೆಯುವುದು.

ಮೊಳಕೆ ಪರೀಕ್ಷೆ ಏಕೆ ಬೇಕು?

ಬೀದರ್ ಜಿಲ್ಲೆಯ ಮುಂಗಾರಿನ ಮುಖ್ಯ ಬೆಳೆಯಾದ ಸೋಯಾ ಅವರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ಬೀಜದ ಸಿಪ್ಪೆ ಬಹಳ ತೆಳು. ಚೀಲವನ್ನು ಎತ್ತರದಿಂದ ಎಸೆದರೂ, ಒಕ್ಕಣೆಯಲ್ಲಿ ಹೆಚ್ಚು ಪೆಟ್ಟು ಬಿದ್ದರೂ ಒಳಗಿನ ಮೊಳಕೆಗೆ ಧಕ್ಕೆಯಾಗುತ್ತದೆ. ಕೊಯ್ಲಿನ ಕಾಲದಲ್ಲಿ ಮಳೆಗೆ ಸಿಕ್ಕರೆ ಬೀಜವು ಕಣ್ಣಿಗೆ ಚೆನ್ನಾಗಿ ಕಂಡರೂ ಮೊಳಕೆಯ ಶಕ್ತಿ ಕುಗ್ಗಿರುತ್ತದೆ. ನೆರೆಯ ಮಹಾರಾಷ್ಟ್ರದಲ್ಲಿ 2019ರ ಕೊಯ್ಲಿನ ಸಮಯದಲ್ಲಿ ಅಕಾಲಿಕ ಮಳೆ ಸುರಿದಿತ್ತು. 2020ರ ಮುಂಗಾರಿನಲ್ಲಿ ಅಲ್ಲಿ ಬಿತ್ತಿದ ಸೋಯಾ ಅವರೆ ಮೊಳೆಯಲಿಲ್ಲವೆಂದು ರೈತರಿಂದ ಹೇರಳವಾಗಿ ದೂರುಗಳು ಬಂದವು. ಮೊಳೆಯದ ಹೊಲವನ್ನು ಮತ್ತೆ ಬಿತ್ತಬಹುದು. ಬೀಜದ ಹಣ, ಬಾಡಿಗೆ, ಕೂಲಿಯನ್ನು ಎರಡನೆಯ ಸಲ ಹೊಂದಿಸಲೂಬಹುದು. ಕಳೆದುಹೋದ ಹದವನ್ನು ಮಾತ್ರ ಮರಳಿ ತರಲಾಗದು. ಆದುದರಿಂದ ಬೀಜವನ್ನು ಹೊಲದಲ್ಲಿ ಪರೀಕ್ಷಿಸುವ ಬದಲು ಮನೆಯ ಪಡಸಾಲೆಯಲ್ಲೇ ಪರೀಕ್ಷಿಸುವುದು ಜಾಣತನ.

ಪರೀಕ್ಷೆ ಮಾಡುವ ವಿಧಾನ

1. ಪ್ರತಿ ಚೀಲದ ಮೇಲ್ಭಾಗ, ನಡುಭಾಗ ಮತ್ತು ತಳಭಾಗದಿಂದ ಒಂದೊಂದು ಹಿಡಿ ಬೀಜ ತೆಗೆದು ಬೆರೆಸಬೇಕು. ಅದರಿಂದ 100 ಬೀಜಗಳನ್ನು ಆರಿಸದೆ ಎಣಿಸಿಕೊಳ್ಳಬೇಕು. ದಪ್ಪ ಕಾಳುಗಳನ್ನಷ್ಟೇ ಆರಿಸಿದರೆ ಫಲಿತಾಂಶ ಸುಳ್ಳಾಗುತ್ತದೆ.

2. ಗೋಣಿಚೀಲದ ಒಂದು ತುಂಡನ್ನು ಚೆನ್ನಾಗಿ ತೊಳೆದು, ಬಿಸಿನೀರಿನಲ್ಲಿ ಅದ್ದಿ, ಆರಿದ ನಂತರ ಹಿಂಡಬೇಕು. ಇದರಿಂದ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.

3. ತುಂಡಿನ ಮೇಲೆ ಸಾಲಿಗೆ 10ರಂತೆ 10 ಸಾಲು ಬೀಜಗಳನ್ನು, ಒಂದಕ್ಕೊಂದು ತಾಗದಂತೆ ಇಡಬೇಕು. ಚಾಪೆಯಂತೆ ಸುರುಳಿ ಸುತ್ತಿ ಸಡಿಲವಾಗಿ ಕಟ್ಟಿ ನೆರಳಿನಲ್ಲಿ ಇಡಬೇಕು.

4. ಬೆಳಿಗ್ಗೆ ಮತ್ತು ಸಂಜೆ ನೀರು ಚಿಮುಕಿಸಿ ತೇವ ಆರದಂತೆ ನೋಡಿಕೊಳ್ಳಬೇಕು. ನೀರು ನಿಂತರೆ ಬೀಜ ಕೊಳೆಯುತ್ತದೆ.

5. ಸೋಯಾ ಅವರೆ ಮತ್ತು ರಾಗಿಯನ್ನು 8ನೆಯ ದಿನ, ತೊಗರಿಯನ್ನು 6ನೆಯ ದಿನ, ಜೋಳ ಮತ್ತು ಶೇಂಗಾವನ್ನು 10ನೆಯ ದಿನ, ಭತ್ತವನ್ನು 14ನೆಯ ದಿನ ಎಣಿಸಬೇಕು. ಬೇರು ಮತ್ತು ಕುಡಿ ಎರಡೂ ದೃಢವಾಗಿರುವ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಉಬ್ಬಿ ನಿಂತ, ಕೊಳೆತ ಅಥವಾ ಬೇರು ಮುರಿದ ಬೀಜಗಳನ್ನು ಸೇರಿಸಬಾರದು.

ಔಷಧಿ ಲೇಪಿಸಿದ ಬೀಜವಾದರೆ ಬರಿಗೈಯಿಂದ ಮುಟ್ಟಬಾರದು. ಅಂತಹ ಬೀಜ ಉಳಿದರೆ ಅಡುಗೆಗಾಗಲಿ ದನಕರುಗಳಿಗಾಗಲಿ ಕೊಡಕೂಡದು.

ಫಲಿತಾಂಶದ ಉಪಯೋಗ

ಪ್ರಮಾಣಿತ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಪ್ರಮಾಣ ಸೋಯಾ ಅವರೆ ಮತ್ತು ಶೇಂಗಾದಲ್ಲಿ ಶೇಕಡಾ 70, ರಾಗಿ ಮತ್ತು ತೊಗರಿಯಲ್ಲಿ ಶೇಕಡಾ 75, ಭತ್ತದಲ್ಲಿ ಶೇಕಡಾ 80. ಮನೆಯ ಬೀಜ ಈ ಮಟ್ಟಕ್ಕಿಂತ ಸ್ವಲ್ಪ ಕಡಿಮೆಯಿದ್ದರೆ ಬೀಜದ ಪ್ರಮಾಣವನ್ನು ಹೆಚ್ಚಿಸಿ ಬಿತ್ತಬಹುದು. ಸೋಯಾ ಅವರೆಗೆ ಎಕರೆಗೆ 25 ಕಿಲೋ ಬೀಜ ಬೇಕು. ಪರೀಕ್ಷೆಯಲ್ಲಿ 60 ಸಸಿಗಳು ಮಾತ್ರ ಬಂದವೆನ್ನೋಣ. 25ನ್ನು 70ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸುಮಾರು 29 ಕಿಲೋ ಆಗುತ್ತದೆ. ಎಕರೆಗೆ 4 ಕಿಲೋ ಹೆಚ್ಚು ಹಾಕಿದರೆ ಸಸಿಗಳ ಸಂಖ್ಯೆ ಸರಿಹೋಗುತ್ತದೆ. ಮೊಳಕೆ ಶೇಕಡಾ 50ಕ್ಕಿಂತ ಕೆಳಗಿದ್ದರೆ ಆ ಬೀಜದ ಆಸೆ ಬಿಟ್ಟು, ಬೇರೆ ಬೀಜಕ್ಕೆ ಆಗಲೇ ಏರ್ಪಾಡು ಮಾಡಿಕೊಳ್ಳುವುದು ಲೇಸು. ಬೇಸಿಗೆಯ ಸೆಕೆಗೆ ಬೀಜದ ಶಕ್ತಿ ಇನ್ನೂ ಇಳಿಯುವುದರಿಂದ ಬಿತ್ತನೆಗೆ ಹತ್ತು ದಿನ ಮೊದಲು ಮತ್ತೊಮ್ಮೆ ಪರೀಕ್ಷಿಸಬೇಕು.

ಕೊಂಡು ತಂದ ಬೀಜಕ್ಕೂ ಈ ಪರೀಕ್ಷೆ ತಪ್ಪಬಾರದು. ರಸೀದಿ, ಚೀಲದ ಚೀಟಿ ಮತ್ತು ಒಂದು ಹಿಡಿ ಬೀಜವನ್ನು ತೆಗೆದಿಟ್ಟಿದ್ದರೆ ಮುಂದೆ ದೂರು ಕೊಡುವ ಪ್ರಸಂಗ ಬಂದಾಗ ಆಧಾರವಾಗುತ್ತದೆ.

ಬೇಸಾಯದ ಲೆಕ್ಕ

ಸುರುಳಿ ಬಿಚ್ಚುವವರೆಗಿನ ಎಂಟು ದಿನಗಳಲ್ಲಿ ಹಿಂದಿನ ವರ್ಷದ ಲೆಕ್ಕವನ್ನು ಬರೆಯಬಹುದು. ಮಕ್ಕಳ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳು ಇದಕ್ಕೆ ಸಾಕು. ಗೊಬ್ಬರದ ರಸೀದಿ, ಮಂಡಿಯ ತೂಕದ ಚೀಟಿ, ಸಹಕಾರ ಸಂಘದ ಸಾಲದ ಪುಸ್ತಕ ಇವುಗಳನ್ನು ಮುಂದಿಟ್ಟುಕೊಂಡು ಪ್ರತಿ ಬೆಳೆಗೂ ಪ್ರತ್ಯೇಕವಾಗಿ ಉಳುಮೆ, ಬೀಜ, ಗೊಬ್ಬರ, ಔಷಧಿ, ಕೂಲಿ, ಕೊಯ್ಲು, ಸಾಗಾಣಿಕೆ ಎಂದು ಬರೆಯಬೇಕು. ಮನೆಯವರ ದುಡಿಮೆಯನ್ನು ಪುಕ್ಕಟೆ ಎಂದು ಬಿಡುವುದು ವಾಡಿಕೆ. ಅದು ಸರಿಯಲ್ಲ. ಮನೆಯ ಹೆಂಗಸರು ಕಳೆ ತೆಗೆದ ದಿನಗಳಿಗೂ ಊರಿನ ಕೂಲಿಯ ದರ ಕಟ್ಟಬೇಕು.

ಕೊನೆಯಲ್ಲಿ ತಿಳಿಯಬೇಕಾದುದು ಒಂದು ಕ್ವಿಂಟಾಲ್ ಬೆಳೆಯಲು ತಗುಲಿದ ಖರ್ಚು. ಎಕರೆಗೆ 18,000 ರೂಪಾಯಿ ಖರ್ಚಾಗಿ 6 ಕ್ವಿಂಟಾಲ್ ಸೋಯಾ ಅವರೆ ಬಂದರೆ ಕ್ವಿಂಟಾಲಿಗೆ 3,000 ರೂಪಾಯಿ ಬೀಳುತ್ತದೆ. 2020-21ರಲ್ಲಿ ಇದರ ಬೆಂಬಲ ಬೆಲೆ 3,880 ರೂಪಾಯಿ ಇತ್ತು. ಆ ಬೆಲೆ ಕೈಸೇರಿದರೆ ಕ್ವಿಂಟಾಲಿಗೆ 880 ರೂಪಾಯಿ ಉಳಿಯುತ್ತದೆ. ಅದೇ ಹೊಲದಲ್ಲಿ ಸಸಿಗಳು ವಿರಳವಾಗಿ ನಾಲ್ಕೂವರೆ ಕ್ವಿಂಟಾಲ್ ಮಾತ್ರ ಬಂದರೆ ಕ್ವಿಂಟಾಲಿಗೆ 4,000 ರೂಪಾಯಿ ಬಿದ್ದು ಲಾಭವೆಲ್ಲ ನಷ್ಟವಾಗಿ ಮಾರ್ಪಡುತ್ತದೆ. ಬೀಜದ ಪರೀಕ್ಷೆಗೂ ಮನೆಯ ಲೆಕ್ಕಕ್ಕೂ ಇರುವ ನಂಟು ಇಲ್ಲಿ ಸ್ಪಷ್ಟವಾಗುತ್ತದೆ.

ಮನೆಮಂದಿಯೆಲ್ಲ ಸೇರಿ ಕಲಿಯಬೇಕು

ಬೀಜ ಎಣಿಸುವುದನ್ನು ಮಕ್ಕಳಿಗೆ ವಹಿಸಿದರೆ ಶಾಲೆಯಿಲ್ಲದ ದಿನಗಳಲ್ಲಿ ಶೇಕಡಾವಾರು ಲೆಕ್ಕ ತಾನಾಗಿಯೇ ಬರುತ್ತದೆ. ಬೀಜವನ್ನು ಒಣಗಿಸಿ ಜೋಪಾನ ಮಾಡುವ ಗೃಹಿಣಿಗೆ ಯಾವ ಚೀಲ ಯಾವ ಹೊಲದ್ದೆಂಬುದು ಮನೆಯ ಯಜಮಾನನಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಓದು ಬಾರದ ಹಿರಿಯರು ನೆನಪಿನಿಂದ ಹೇಳಿದ ಮಳೆ, ಬಿತ್ತನೆ, ಕೊಯ್ಲಿನ ವಿವರಗಳನ್ನು ಓದು ಬಲ್ಲ ಮಕ್ಕಳು ಬರೆದಿಡಬೇಕು. ಸಂಶಯ ಬಂದಾಗ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಉತ್ತರ ಪಡೆಯಬಹುದು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯಿದೆ. ಕೂತು ಕಲಿಯುವುದಕ್ಕೆ ಈ ಮಾತು ಅನ್ವಯಿಸದು. 2021ರಲ್ಲಿ ಎರಡನೆಯ ಅಲೆಯ ನಿರ್ಬಂಧಗಳು ಬಂದದ್ದೂ ಬಿತ್ತನೆಯ ಮುನ್ನಿನ ದಿನಗಳಲ್ಲೇ. ಮುಂದೆ ರೋಗದಿಂದಾಗಲಿ, ಜಡಿಮಳೆಯಿಂದಾಗಲಿ, ಮನೆಯವರ ಕಾಯಿಲೆಯಿಂದಾಗಲಿ ಮನೆಯಲ್ಲೇ ಉಳಿಯುವ ಸಂದರ್ಭ ಬಂದಾಗ ರೈತ ಬಾಂಧವರು ಒಂದು ಗೋಣಿ ತುಂಡು, ನೂರು ಬೀಜ ಮತ್ತು ಒಂದು ನೋಟುಪುಸ್ತಕವನ್ನು ಹತ್ತಿರ ಇಟ್ಟುಕೊಳ್ಳಲಿ. ಮಳೆ ಬಂದ ದಿನ ಕೂರಿಗೆ ಹೂಡುವಾಗ ಚೀಲದಲ್ಲಿರುವ ಬೀಜದ ಬಗ್ಗೆ ಅನುಮಾನ ಉಳಿದಿರುವುದಿಲ್ಲ.