ಕೊಡಚಾದ್ರಿಯ ದಾರಿಯಲ್ಲಿ ಜೀಪಿನ ನಾಲ್ಕು ಚಕ್ರಗಳು

ಸಾಗರದಿಂದ ಹೊಸನಗರ, ನಗರಗಳ ಮಾರ್ಗವಾಗಿ ನಿಟ್ಟೂರನ್ನು ದಾಟಿ ಕಟ್ಟಿನಹೊಳೆಯನ್ನು ಮುಟ್ಟುವವರೆಗೆ ಪ್ರಯಾಣದಲ್ಲಿ ವಿಶೇಷವೇನೂ ಇಲ್ಲ. ಅಲ್ಲಿಂದ ಮುಂದೆ, 1343 ಮೀಟರು ಎತ್ತರದ ಕೊಡಚಾದ್ರಿಯ ಕಡೆಗೆ ಏರುವುದು ದಾರಿಯೆಂಬ ಹೆಸರನ್ನು ಹೊತ್ತ ಒಂದು ಕೊರಕಲು. ಇಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಜೀಪೇ ಬೇಕು. ಏಕೆ?

“ಅದರ ಎಂಜಿನ್ನಿಗೆ ಬಲ ಹೆಚ್ಚು” ಎಂದರು ನನ್ನೊಡನಿದ್ದ ವಿದ್ಯಾರ್ಥಿಗಳು. ಉತ್ತರ ಅರ್ಧ ಮಾತ್ರ ಸರಿ. ಬಲವೆಷ್ಟಿದ್ದರೂ ಅದು ವಾಹನವನ್ನು ಮುಂದೊಯ್ಯಲು ಚಕ್ರಕ್ಕೂ ನೆಲಕ್ಕೂ ನಡುವಣ ಘರ್ಷಣೆ ಒದಗಬೇಕಷ್ಟೆ. ಒದ್ದೆ ಮಣ್ಣಿನಲ್ಲಿ ಘರ್ಷಣಾಂಕ 0.4 ಎಂದಿಟ್ಟುಕೊಳ್ಳೋಣ. ಹಿಂದಿನ ಎರಡು ಚಕ್ರಗಳು ಮಾತ್ರ ದುಡಿಯುವ ವಾಹನದಲ್ಲಿ ಅವುಗಳ ಮೇಲಿರುವುದು ಸುಮಾರು ಅರ್ಧ ಭಾರ. ಆದುದರಿಂದ ಐದು ಅಡಿಗೆ ಒಂದಡಿ ಏರುವ ಇಳುಕಲಿನಲ್ಲಿಯೇ ಅದು ಜಾರತೊಡಗುತ್ತದೆ. (ಏರಿನಲ್ಲಿ ಭಾರ ಹಿಂದಕ್ಕೆ ವಾಲುವುದರಿಂದ ಕೊಂಚ ಅನುಕೂಲವುಂಟು, ಅದನ್ನು ಲೆಕ್ಕಕ್ಕೆ ತಂದಿಲ್ಲ.) ನಾಲ್ಕೂ ಚಕ್ರಗಳು ದುಡಿದರೆ ಎರಡೂವರೆ ಅಡಿಗೆ ಒಂದಡಿಯ ಏರನ್ನೂ ಹತ್ತಬಹುದು.

ಅರ್ಧ ದಾರಿಯಲ್ಲಿ ನಮ್ಮ ಜೀಪು ನಿಂತಿತು. ಬಲಗಡೆಯ ಹಿಂಚಕ್ರ ಕೆಸರಿನಲ್ಲಿ ಬರಿದೆ ಗಿರಗಿರನೆ ಸುತ್ತುತ್ತಿತ್ತು. ಎಡಗಡೆಯದು ಗಟ್ಟಿ ಕಲ್ಲಿನ ಮೇಲಿದ್ದರೂ ಅಲುಗಲಿಲ್ಲ. ಎಡಕ್ಕೆ ನೋಡಿದರೆ ಕಣಿವೆ. ಎಲ್ಲರೂ ಇಳಿದು ಭಾರ ತಗ್ಗಿಸೋಣವೆಂದು ನಾವು ಎದ್ದೆವು. ಚಾಲಕನು, “ಇಬ್ಬರು ಬಲಗಡೆ ಹಿಂದಿನ ಮೂಲೆಯ ಮೇಲೆ ನಿಲ್ಲಿ, ಉಳಿದವರು ಇಳಿಯಿರಿ” ಎಂದನು. ಹಾಗೆ ಮಾಡಲು ಜೀಪು ಒಮ್ಮೆ ನಡುಗಿ ಮೇಲೇರಿತು. ಭೌತಶಾಸ್ತ್ರದ ಉಪನ್ಯಾಸಕನಾದ ನನಗೆ ಆ ಉಪಾಯ ಹೊಳೆದಿರಲಿಲ್ಲ!

ಇದರ ಗುಟ್ಟು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯಲ್ಲಿದೆ. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಾದ ಕಾರಣ, ಎರಡಕ್ಕೂ ಬೇರೆಬೇರೆ ವೇಗದ ಸ್ವಾತಂತ್ರ್ಯವನ್ನು ಇದು ಕೊಡುತ್ತದೆ. ಆದರೆ ತಿರುಗಿಸುವ ಬಲವನ್ನು ಮಾತ್ರ ಎರಡಕ್ಕೂ ಸಮವಾಗಿಯೇ ಹಂಚುತ್ತದೆ. ಕೆಸರಿನ ಚಕ್ರ ಸ್ವಲ್ಪವೇ ಬಲವನ್ನು ತಡೆದುಕೊಳ್ಳಬಲ್ಲುದಾದರೆ ಕಲ್ಲಿನ ಮೇಲಿನದಕ್ಕೂ ಅಷ್ಟೇ ಪಾಲು. ಇಬ್ಬರ ಭಾರದಿಂದ ಕೆಸರಿನ ಚಕ್ರಕ್ಕೆ ಹಿಡಿತ ಬಂದೊಡನೆ ಇನ್ನೊಂದಕ್ಕೂ ಬಲ ದೊರೆಯಿತು. ಎಲ್ಲರೂ ಇಳಿದಿದ್ದರೆ ಎಂಜಿನ್ನಿಗೆ ಶ್ರಮ ತಗ್ಗುತ್ತಿತ್ತು. ಆದರೆ ಭಾರದೊಡನೆ ಹಿಡಿತವೂ ತಗ್ಗುತ್ತಿತ್ತು.

ಇಳಿಯುವಾಗಿನ ಕಷ್ಟ ಬೇರೆ. ಜನರೂ ಸೇರಿ 2000 ಕಿಲೋಗ್ರಾಂ ತೂಗುವ ಜೀಪು 600 ಮೀಟರು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ, 30 ಡಿಗ್ರಿಯ 40 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಎಂದರೆ ಬಚ್ಚಲಿನ ಒಂದು ಹಂಡೆ ನೀರು! ಇಷ್ಟು ಶಾಖವೆಲ್ಲ ಬ್ರೇಕಿಗೇ ಬಿದ್ದರೆ ಅದು ಕೈಕೊಡುವುದು ಖಂಡಿತ. ಅದಕ್ಕೆಂದೇ ಚಾಲಕನು ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ವೇಗವನ್ನು ತಡೆಯುತ್ತಾನೆ.

ಸುತ್ತಲಿನ ಕಾಡು 1974ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಜೀವಿಧಾಮದ್ದು. ಪಶ್ಚಿಮ ಘಟ್ಟಗಳ ಹೊರಗೆ ಎಲ್ಲಿಯೂ ಕಾಣದ ಸಿಂಗಳೀಕ ಇಂಥ ನಿತ್ಯಹಸುರಿನ ಕಾಡುಗಳ ಪ್ರಾಣಿ. ಕೊಂಬೆಯಿಂದ ಕೊಂಬೆಗೆ ಸಾಗುವ ಅದಕ್ಕೆ ಮರಗಳ ನಡುವಣ ಪ್ರತಿಯೊಂದು ಬಯಲೂ ಒಂದು ತಡೆ. ಸುತ್ತುವ ಚಕ್ರ ಕೊರೆದ ಗಾಡಿಜಾಡು ಮಳೆಗಾಲದಲ್ಲಿ ಕಾಲುವೆಯಾಗುತ್ತದೆ. ಹರಿವಿನ ವೇಗ ಎರಡರಷ್ಟಾದರೆ ನೀರು ಉರುಳಿಸಬಲ್ಲ ಕಲ್ಲಿನ ತೂಕ 64ರಷ್ಟಾಗುತ್ತದೆ. ಜಾಡು ಆಳವಾದಾಗ ಚಾಲಕರು ಪಕ್ಕಕ್ಕೆ ಸರಿಯುತ್ತಾರೆ, ದಾರಿ ಕಾಡಿನೊಳಕ್ಕೆ ಅಗಲವಾಗುತ್ತದೆ.

ನಮ್ಮ ಚಾಲಕನು ಹಳೆಯ ಜಾಡನ್ನು ಬಿಡಲಿಲ್ಲ. ಒಂದು ತಿರುವಿನಲ್ಲಿ ಎಂಜಿನ್ನನ್ನು ನಿಲ್ಲಿಸಿದಾಗ, ಅದುವರೆಗೆ ಕೇಳಿಸದಿದ್ದ ಸಿಳ್ಳಾರದ ಸಿಳ್ಳು ಕೆಳಗಿನ ಹಳ್ಳದಿಂದ ಕೇಳಿಬಂತು.